ಮಡಿಕೇರಿ ಮಳೆಯಲ್ಲಿ ಸ್ವಂತ ಸ್ಕೀ ಇಟ್ಟುಕೊಳ್ಳಬಹುದಾ?

ನೀವು ಕೇಳಿದ್ದು ಇಷ್ಟು: ಹೋದ ಚಳಿಗಾಲ ಗುಲ್ಮಾರ್ಗಿನಲ್ಲಿ ಎರಡು ವಾರದ ಕೋರ್ಸ್ ಮುಗಿಸಿದ್ದೀರಿ. ಬರುವ ಜನವರಿಗೆ ಮತ್ತೆ ಹೋಗುತ್ತೀರಿ. ಮನೆ ಮಡಿಕೇರಿ. ಸ್ವಂತ ಸ್ಕೀ ತಗೊಳ್ಳಬೇಕಾ, ತಗೊಂಡರೆ ಎಂಥದ್ದು, ನಮ್ಮ ಮಳೆಗೆ ಅದು ಉಳಿಯುತ್ತಾ, ಅಷ್ಟುದ್ದದ್ದನ್ನು ಒಯ್ಯುವುದು ಹೇಗೆ?

ನಾನು ಮೂರ್ನಾಡು ಕಡೆಯವನು. ಗುಲ್ಮಾರ್ಗಿನ ಒಂದು ಹೋಟೆಲಿನ ಅಡುಗೆಮನೆಯಲ್ಲಿ ನಾಲ್ಕು ಚಳಿಗಾಲ ದುಡಿದೆ. ಮಧ್ಯಾಹ್ನದ ಊಟದ ಗಲಾಟೆ ಮುಗಿದ ಮೇಲೆ ಸಿಗುತ್ತಿದ್ದ ಎರಡು ಗಂಟೆಯಲ್ಲಿ ಬಿದ್ದು ಎದ್ದು ಸ್ಕೀ ಕಲಿತೆ. ಕೆಲಸ ಬಿಟ್ಟು ಬರುವಾಗ ಸೆಕೆಂಡ್ ಹ್ಯಾಂಡ್ ಜೋಡಿ ಒಂದನ್ನು ಊರಿಗೆ ತಂದೆ. ಒಂದೇ ಮಳೆಗಾಲದಲ್ಲಿ ಅದನ್ನು ಕೆಡಿಸಿಯೂ ಬಿಟ್ಟೆ.

ಈ ವರ್ಷ ಸ್ಕೀ ತಗೋಬೇಡಿ, ಬೂಟ್ ತಗೊಳ್ಳಿ. ಸ್ಕೀ ಅಲ್ಲೇ ಬಾಡಿಗೆಗೆ ಸಿಗುತ್ತದೆ, ದಿನಕ್ಕೊಂದು ಬದಲಾಯಿಸಿ ನೋಡಬಹುದು. ಬಾಡಿಗೆ ಬೂಟಿನ ಕಥೆ ಬೇರೆ. ಎಷ್ಟೋ ಜನರ ಕಾಲು ಕಂಡು ಅದರ ಒಳಪದರ ಸಡಿಲವಾಗಿರುತ್ತದೆ. ನೀವು ಕಾಲು ತಿರುಗಿಸಿದರೆ ಕಾಲು ಬೂಟಿನೊಳಗೆ ತಿರುಗುತ್ತದೆ, ಸ್ಕೀ ಮಾತ್ರ ನೆಟ್ಟಗೆ ಹೋಗುತ್ತದೆ. ಅಳತೆ ಕಷ್ಟವಲ್ಲ. ಹಿಮ್ಮಡಿಯನ್ನು ಗೋಡೆಗೆ ಒತ್ತಿ ಕಾಗದದ ಮೇಲೆ ನಿಂತುಕೊಳ್ಳಿ, ಹೆಬ್ಬೆರಳ ತುದಿಗೆ ಗೆರೆ ಎಳೆಯಿರಿ. 26.5 ಸೆಂ.ಮೀ. ಬಂದರೆ ಬೂಟಿನ ಸೈಜೂ 26.5. 'ಒಂದು ಸೈಜ್ ದೊಡ್ಡದಿರಲಿ, ದಪ್ಪ ಕಾಲುಚೀಲ ಹಾಕ್ಕೊಂಡ್ರಾಯ್ತು' ಅನ್ನುವವರ ಮಾತು ಕೇಳಬೇಡಿ. ತೆಳ್ಳನೆಯ ಒಂದೇ ಕಾಲುಚೀಲ ಸಾಕು. ನೆಟ್ಟಗೆ ನಿಂತಾಗ ಬೆರಳು ಮುಂದೆ ತಾಗಬೇಕು, ಮೊಣಕಾಲು ಬಗ್ಗಿಸಿದಾಗ ಹಿಂದೆ ಸರಿಯಬೇಕು.

ಅಗ್ಗ ಅಂತ ಹತ್ತು-ಹನ್ನೆರಡು ವರ್ಷದ ಹಳೇ ಬೂಟಿಗೆ ಕೈ ಹಾಕಬೇಡಿ. ಹೆಚ್ಚಿನ ಬೂಟುಗಳ ಹೊರಕವಚ ಪಾಲಿಯುರೆಥೇನ್. ಗಾಳಿಯ ತೇವಕ್ಕೆ ಅದು ವರ್ಷಾನುಗಟ್ಟಲೆ ಒಳಗೊಳಗೇ ಸಡಿಲವಾಗಿ ಒಂದು ದಿನ ಪಟಕ್ಕನೆ ಬಿರಿಯುತ್ತದೆ. ವರ್ಷಕ್ಕೆ 3000 ಮಿ.ಮೀ.ಗೂ ಜಾಸ್ತಿ ಮಳೆ ಬೀಳುವ ಮಡಿಕೇರಿಯಲ್ಲಿ ಅದು ಬೇಗ ಆಗುತ್ತದೆಯೇ ಹೊರತು ತಡ ಆಗುವುದಿಲ್ಲ.

ಆದರೂ ಸ್ಕೀ ಬೇಕೇ ಬೇಕು ಅಂದರೆ, ನಿಲ್ಲಿಸಿದಾಗ ತುದಿ ನಿಮ್ಮ ಗಲ್ಲ ಮತ್ತು ಮೂಗಿನ ನಡುವೆ ಬರುವಂಥದ್ದು ನೋಡಿ. ನಡುವಿನ ಅಗಲ 75ರಿಂದ 85 ಮಿ.ಮೀ. ಇರಲಿ. 100 ಮಿ.ಮೀ. ದಾಟಿದ ಅಗಲದವು ಗುಲ್ಮಾರ್ಗಿನ ಅಫರ್ವತ್ ಬೆಟ್ಟದ ಮೇಲಿನ ಮೆತ್ತನೆ ಹಿಮಕ್ಕೆ. ಅಲ್ಲಿನ ಗೊಂಡೋಲಾದ, ಅಂದರೆ ಕೇಬಲ್ ಕಾರಿನ, ಎರಡನೇ ಹಂತ ಸುಮಾರು 3950 ಮೀಟರ್ ಎತ್ತರಕ್ಕೆ ಬಿಡುತ್ತದೆ, ಅಲ್ಲಿ ಹಿಮಕುಸಿತದ ಭಯವಿದೆ. ಎರಡು ವಾರ ಕಲಿತವರು ಅತ್ತ ತಲೆ ಹಾಕುವುದು ಬೇಡ. ಹಳೇ ಜೋಡಿಯಾದರೆ ತಳಕ್ಕೆ ತಳ ಸೇರಿಸಿ ಹಿಡಿಯಿರಿ. ನಿಮಗೆ ಬೇಕಾದ ಈ ಮಾದರಿಯಲ್ಲಿ ಮಧ್ಯೆ ಸಂದು ಕಾಣಬೇಕು, ಕಾಣದಿದ್ದರೆ ಅದರ ಬಿಲ್ಲಿನಂಥ ಬಾಗು ಹೋಗಿದೆ ಅಂತ ಅರ್ಥ. ಬೂಟನ್ನು ಸ್ಕೀಗೆ ಕಚ್ಚಿಸುವ ಬೈಂಡಿಂಗನ್ನು ಮಾತ್ರ ಅಂಗಡಿಯವರ ಕೈಯಲ್ಲೇ ಕೂರಿಸಿಕೊಳ್ಳಿ. ತೂಕ, ಎತ್ತರ, ವಯಸ್ಸು, ಬೂಟಿನ ತಳದ ಉದ್ದ, ನಿಮಗೆ ಎಷ್ಟು ಬರುತ್ತೆ ಅನ್ನುವುದು, ಎಲ್ಲ ನೋಡಿ ಬಿಗಿ ಇಡುತ್ತಾರೆ. ಬಿಗಿ ಜಾಸ್ತಿಯಾದರೆ ಬಿದ್ದಾಗ ಸ್ಕೀ ಕಳಚುವುದಿಲ್ಲ, ಮೊಣಕಾಲು ಕಳಚುತ್ತದೆ.

ಈಗ ಮಳೆಯ ವಿಷಯ. ನಾನು ಸ್ಕೀ ತಂದದ್ದು ಏಪ್ರಿಲ್‌ನಲ್ಲಿ. ಅದರ ಅಂಚಿಗೆ ಉಕ್ಕಿನ ಪಟ್ಟಿ ಇರುತ್ತದಲ್ವಾ, ಅದನ್ನು ನೋಡಿ ನಮ್ಮಪ್ಪ, 'ಕಬ್ಬಿಣ ತಾನೇ, ಕೋವಿಗೆ ಮಾಡಿದ ಹಾಗೇ ಮಾಡು' ಅಂದರು. ಮಳೆ ಹಿಡಿಯುವ ಮೊದಲು ಕೋವಿಗೆ ಎಣ್ಣೆ ಸವರಿ ಬಟ್ಟೆ ಸುತ್ತಿಡುವುದು ನಮ್ಮನೆ ಪದ್ಧತಿ. ನಾನೂ ಅಂಚಿಗೆ ಎಣ್ಣೆ ಸವರಿದೆ. ಧಾರಾಳತನ ಜಾಸ್ತಿಯಾಗಿ ತಳಕ್ಕೂ ಬಳಿದೆ. ಚೀಲಕ್ಕೆ ತುಂಬಿ, ಬಿಗಿಯಾಗಿ ಪಟ್ಟಿ ಕಟ್ಟಿ, ಕಾಫಿ ಗೋದಾಮಿನ ಸಿಮೆಂಟ್ ನೆಲದ ಮೇಲೆ ಮೂಲೆಗೆ ನಿಲ್ಲಿಸಿದೆ. ಜಡಿಮಳೆಯ ಕಕ್ಕಡ ತಿಂಗಳು ಕಳೆಯಿತು. ನಮ್ಮ ಆಯುಧಪೂಜೆಯ ಹಬ್ಬ ಕೈಲ್‌ಪೊಳ್ದ್ ದಿನ ಕೋವಿಗಳನ್ನು ತೆಗೆದು ಪೂಜೆಗೆ ಇಟ್ಟು ನಳಿಗೆಗೆ ತೋಕ್‌ಪೂ ಹೂವು ಸಿಕ್ಕಿಸುವಾಗ ಸ್ಕೀ ನೆನಪಾಯಿತು. ಚೀಲದ ಜಿಪ್ ಎಳೆದೆ. ಮೊದಲು ಬಂದದ್ದು ವಾಸನೆ. ಒಳಬಟ್ಟೆ ತುಂಬ ಬಿಳೀ ಬೂಷ್ಟು. ನೆಲಕ್ಕೆ ತಾಗಿದ್ದ ಬಾಲದ ಕಡೆ ಎಣ್ಣೆ ಹೋಗಿ ಅಂಚು ಕಿತ್ತಳೆ ಬಣ್ಣಕ್ಕೆ ತಿರುಗಿತ್ತು. ಉಗುರು ಹಾಕಿದರೆ ಹಕ್ಕಳೆ ಎದ್ದು ಬಂತು. ಪಕ್ಕದಲ್ಲಿ ಅಜ್ಜನ ಕಾಲದ ಕೋವಿ ಮಿರಮಿರ ಮಿಂಚುತ್ತಿತ್ತು.

ತಳದ ಗತಿ ಇನ್ನೂ ಕೆಟ್ಟದು. ಎಣ್ಣೆಗೆ ಧೂಳು ಹಿಡಿದು ಕರೀ ಅಂಟಾಗಿತ್ತು. ಚಳಿಗಾಲದಲ್ಲಿ ಗುಲ್ಮಾರ್ಗಿಗೆ ಒಯ್ದರೆ ಅಂಗಡಿಯವನು ಬಿಸಿ ಮೇಣ ಹಾಕಿ, ಬಿಸಿಯಿರುವಾಗಲೇ ಕೆರೆದು, ಮೂರು ಸಲ ಹಾಗೆ ಮಾಡಿದ ಮೇಲೆ ಬಣ್ಣ ಬಂತು. 'ಎಣ್ಣೆ ಹಾಕಲು ಇದೇನು ಬಂದೂಕಾ?' ಅಂದ. ನಾನು ಮಾತಾಡಲಿಲ್ಲ.

ಎಣ್ಣೆ ಬೇಡ, ಮೇಣ ಹಾಕಿ. ಕೊನೇ ದಿನ ಸ್ಕೀಯನ್ನು ಚೆನ್ನಾಗಿ ಒರೆಸಿ ಒಣಗಿಸಿ. ತುಕ್ಕಿನ ಚುಕ್ಕೆ ಇದ್ದರೆ ಗಮ್ಮಿ ಸ್ಟೋನ್ ಅನ್ನುವ ರಬ್ಬರಿನಂಥ ಕಲ್ಲಿನಿಂದ ಉಜ್ಜಿ. ತಳಕ್ಕೆ ಮೇಣ ಕರಗಿಸಿ ಹಾಕಲು ಸ್ಟೀಮ್ ಇಲ್ಲದ ಹಳೇ ಇಸ್ತ್ರಿಪೆಟ್ಟಿಗೆ ಸಾಕು, ಆಮೇಲೆ ಅದನ್ನು ಬಟ್ಟೆಗೆ ಬಳಸುವ ಆಸೆ ಬಿಡಿ. ಮೇಣದ ಪೊಟ್ಟಣದ ಮೇಲೆ ಬರೆದಷ್ಟೇ ಬಿಸಿ ಇರಲಿ. ಹೊಗೆ ಎದ್ದರೆ ಬಿಸಿ ಜಾಸ್ತಿಯಾಯಿತು. ಒಂದೇ ಕಡೆ ನಿಲ್ಲಿಸದೆ ಎಳೆಯುತ್ತಾ ಹೋಗಿ. ಮೇಣ ದಪ್ಪಗೆ ಕೂತು ಅಂಚಿನ ಮೇಲೂ ಹರಿಯಲಿ. ಕೆರೆಯಬೇಡಿ, ಹಾಗೇ ಬಿಡಿ. ಕೆರೆಯುವುದು ಜನವರಿಯಲ್ಲಿ.

ಮಳೆಗಾಲದಲ್ಲಿ ಚೀಲದೊಳಗೆ ಇಡಲೇಬಾರದು. ಎರಡನ್ನೂ ಸಡಿಲವಾಗಿ ಕಟ್ಟಿ, ನೆಲ-ಗೋಡೆ ತಾಗದಂತೆ, ಗಾಳಿಯಾಡುವ ಅಟ್ಟದಲ್ಲಿ ತೂಗುಹಾಕಿ. ಒಲೆಯ ಮೇಲಿನ ಅಟ್ಟ ಹಂದಿಮಾಂಸ ಒಣಗಿಸಲು ಒಳ್ಳೆಯದು, ಪದರ ಪದರ ಅಂಟಿಸಿ ಮಾಡಿದ ಸ್ಕೀಗೆ ಆ ಶಾಖ ಆಗಿಬರದು. ಬೂಟಿನ ಒಳಪದರ ಬಿಚ್ಚಿ ಒಣಗಿಸಿ, ಮತ್ತೆ ತೂರಿಸಿ, ಬಕಲ್ ಹಗುರವಾಗಿ ಹಾಕಿಡಿ. ಒಳಗೆ ತುರುಕಿದ ಪೇಪರನ್ನು ಹದಿನೈದು ದಿನಕ್ಕೊಮ್ಮೆ ಬದಲಾಯಿಸಿ.

ಸಾಗಣೆ ಅಷ್ಟು ದೊಡ್ಡ ತಲೆನೋವಲ್ಲ. ಜಿಲ್ಲೆಗೆ ರೈಲಿಲ್ಲ, ಆದ್ದರಿಂದ ಬೆಂಗಳೂರಿನವರೆಗೆ ಬಸ್ಸಿನ ಲಗೇಜ್ ಡಿಕ್ಕಿಯೇ ಗತಿ. ಸ್ಕೀಗಳ ನಡುವೆ ಬಟ್ಟೆ ಇಟ್ಟು ಎರಡು ಕಡೆ ಕಟ್ಟಿ. ತುದಿಗೆ, ಬಾಲಕ್ಕೆ, ಬೈಂಡಿಂಗಿಗೆ ನಿಮ್ಮ ಜಾಕೆಟ್ಟು ಸ್ವೆಟರನ್ನೇ ಸುತ್ತಿ. ಆ ಉದ್ದದ ಚೀಲ ಕಂಡರೆ ನಮ್ಮ ಕಂಡಕ್ಟರುಗಳಿಗೆ ಒಂದೇ ಅನುಮಾನ, ಕೋವಿ ಅಲ್ಲ ಅಂತ ನೀವೇ ಮೊದಲು ಹೇಳಿಬಿಡಿ. ವಿಮಾನಕ್ಕಾದರೆ ಟಿಕೆಟ್ ಮಾಡುವಾಗಲೇ ಕ್ರೀಡಾ ಸಾಮಾನಿನ ದರ ವಿಚಾರಿಸಿ. ಮೇಣ ತೆಗೆಯುವ ಸ್ಪ್ರೇ ಬೇಗ ಹೊತ್ತಿಕೊಳ್ಳುತ್ತದೆ, ಅದು ಮನೆಯಲ್ಲೇ ಇರಲಿ. ಬೂಟ್ ಮಾತ್ರ ಕೈಚೀಲದಲ್ಲಿ, ನಿಮ್ಮ ಜೊತೆಗೇ. ಸ್ಕೀ ಕಳೆದುಹೋದರೆ ಬಾಡಿಗೆಗೆ ಸಿಗುತ್ತದೆ, ನಿಮ್ಮ ಕಾಲಿಗೆ ಪಳಗಿದ ಬೂಟ್ ಸಿಗುವುದಿಲ್ಲ.

ಶ್ರೀನಗರದಿಂದ ಟಂಗಮಾರ್ಗದವರೆಗೆ ಮಾಮೂಲಿ ಕಾರು ಬರುತ್ತದೆ. ಅಲ್ಲಿಂದ ಮೇಲಿನ 13 ಕಿ.ಮೀ.ಗೆ ಹಿಮ ಬಿದ್ದ ದಿನ ಚಕ್ರಕ್ಕೆ ಚೈನ್ ಕಟ್ಟಿದ ಗಾಡಿ ಹಿಡಿಯಬೇಕು. ಚೀಲವನ್ನು ಗಾಡಿಯ ಮೇಲೆ ಕಟ್ಟುತ್ತಾರೆ. ಸ್ಕೀಯ ತುದಿ ಹಿಂದಕ್ಕೆ ಇದೆಯಾ, ಹಗ್ಗ ಬಿಗಿಯಾಗಿದೆಯಾ ಅಂತ ನೀವೇ ಇಳಿದು ನೋಡಿ.