ಹೈದ್ರಾಬಾದ್ ಯೂನಿವರ್ಸಿಟಿ ಅರ್ಜಿ, ತಂಗಿಯ 2ಎ ಸರ್ಟಿಫಿಕೇಟ್ ಯಾಕ ವಾಪಸ್ ಬಂತು
2ಎ ಹಾಕಿದ್ದಕ್ಕೇ ವಾಪಸ್ ಬಂದಿರ್ಬೇಕ್ರಿ, ಅದು ಹಿಂದುಳಿದ ವರ್ಗಕ್ಕ ನಮ್ ರಾಜ್ಯದ ಲೆಕ್ಕ, ಹೈದ್ರಾಬಾದ್‌ದು ಸೆಂಟ್ರಲ್ ಯೂನಿವರ್ಸಿಟಿ, ಅಲ್ಲಿ ಕೇಂದ್ರದ ನಮೂನೆಯ ಒಬಿಸಿ ನಾನ್ ಕ್ರೀಮಿ ಲೇಯರ್ (ಹಿಂದುಳಿದವರೊಳಗ ಮುಂದುವರಿದ ಕುಟುಂಬದವರಲ್ಲ ಅನ್ನೋ) ಸರ್ಟಿಫಿಕೇಟ್ ಬೇಕು. ಕಲ್ಯಾಣ ಕರ್ನಾಟಕದ ಮೀಸಲಾತಿಯ 371ಜೆ ಸರ್ಟಿಫಿಕೇಟೂ ಅಲ್ಲಿ ನಡೆಯಂಗಿಲ್ಲ, ಹಚ್ಚಬ್ಯಾಡ್ರಿ.

ಮೊದ್ಲು ಎನ್‌ಸಿಬಿಸಿ (ರಾಷ್ಟ್ರೀಯ ಹಿಂದುಳಿದ ವರ್ಗಗಳ ಆಯೋಗ) ವೆಬ್‌ಸೈಟ್‌ನಾಗ ಕರ್ನಾಟಕದ ಕೇಂದ್ರ ಪಟ್ಟಿ ತೆಗೆದು ನಿಮ್ ಜಾತಿ ಹೆಸರು ಐತೇನು ನೋಡ್ರಿ, ರಾಜ್ಯದ ಪಟ್ಟಿಯಾಗಿದ್ದದ್ದೆಲ್ಲ ಅಲ್ಲಿರಲ್ಲ. ಇದ್ರ ರಾಯಚೂರಿನಾಗೇ ನಾಡಕಚೇರಿಗೆ ಹೋಗಿ 'ಕೇಂದ್ರ ಸರ್ಕಾರದ ಒಬಿಸಿ' ಅಂತ ಬಿಡಿಸಿ ಹೇಳಿ ಅರ್ಜಿ ಕೊಡ್ರಿ, ಬರೇ ಜಾತಿ-ಆದಾಯ ಅಂದ್ರ ಮತ್ತ ಅದೇ 2ಎ ಬರ್ತದ, ನನ್ ಮಗಂದು ಹಂಗಾಗಿ ಎರಡ್ ಸಲ ಓಡಾಡಿದ್ವಿ. ಕೈಗೆ ಬಂದ ಕೂಡ್ಲೆ ಕೌಂಟರ್ ಮುಂದೇ ನಿಂತು ಅಪ್ಪನ ಹೆಸರಿನ ಅಕ್ಷರ, 'ಕ್ರೀಮಿ ಲೇಯರ್‌ಗೆ ಸೇರಿಲ್ಲ' ಅನ್ನೋ ಸಾಲು, ದಿನಾಂಕ ಮೂರೂ ಓದ್ರಿ.

ಕೊನೇ ದಿನ ಹತ್ರ ಇದ್ರ ಅರ್ಜಿ ಕೊಟ್ಟ ರಸೀದಿ ಹಚ್ಚಿ ಅಡ್ಮಿಶನ್ ಸೆಕ್ಷನ್‌ಗೆ ಇವತ್ತೇ ಮೇಲ್ ಹಾಕ್ರಿ, ಟೈಮ್ ಕೊಟ್ರೂ ಕೊಡಬಹುದು.