ಈವ್ ಆನ್‌ಲೈನ್ ಆಟದಲ್ಲಿ ಒಂಟಿ ದರೋಡೆಕೋರನಾಗಿ ಹೊಟ್ಟೆಪಾಡು ನಡೆಯುತ್ತದೆಯೇ?

ನೀವು ಕೇಳಿದ್ದು ಎರಡು: ಯಾವ ಗುಂಪಿಗೂ ಸೇರದೆ ಒಬ್ಬನೇ ದೋಚಿಕೊಂಡು ಈವ್ ಆನ್‌ಲೈನ್ ಎಂಬ ಈ ಬಾಹ್ಯಾಕಾಶ ಹಡಗುಗಳ ಆಟದಲ್ಲಿ ಬದುಕಬಹುದೇ, ಅದಕ್ಕೆ ಯಾವ ಹಡಗು ಬೇಕು. ಬದುಕಬಹುದು. ಮೂರು ವರ್ಷ ನಾನು ಬದುಕಿದ್ದೇನೆ, ಕಡಲೇ ಇಲ್ಲದ ಕಡಲ್ಗಳ್ಳನಾಗಿ. ಹಡಗಿನ ಮಾತು ಆಮೇಲೆ. ಮೊದಲು ಬೇಕಾದದ್ದು ಗಾಳ ಹಾಕಿ ಕೂರುವವನ ತಾಳ್ಮೆ. ಎರಡು ಗಂಟೆ ಆಡಿದರೆ ಗುಂಡು ಹಾರುವುದು ಎರಡು ನಿಮಿಷ.

ಎಲ್ಲಿ ಬೇಟೆಯಾಡಬೇಕು ಎಂಬುದನ್ನು ಆಟವೇ ತೀರ್ಮಾನಿಸಿಬಿಟ್ಟಿದೆ. ಪ್ರತಿ ನಕ್ಷತ್ರವ್ಯೂಹಕ್ಕೂ ಒಂದು ಭದ್ರತೆಯ ಅಂಕವಿದೆ. ಅದು 0.5 ಮತ್ತು ಮೇಲಿರುವ ಹೈಸೆಕ್‌ನಲ್ಲಿ ಕೈಮಾಡಿದರೆ ಆಟದ ಪೊಲೀಸ್ ಪಡೆಯಾದ ಕಾನ್‌ಕಾರ್ಡ್ ಬಂದು ಹಡಗನ್ನು ಪುಡಿಮಾಡುತ್ತದೆ. ಅದರಿಂದ ತಪ್ಪಿಸಿಕೊಳ್ಳುವುದೇ ನಿಯಮಬಾಹಿರ. 0.0 ಮತ್ತು ಕೆಳಗಿನದು ದೊಡ್ಡ ಒಕ್ಕೂಟಗಳ ಸಾಮ್ರಾಜ್ಯ. ಒಂಟಿಗನ ಪಾಲಿಗೆ ಉಳಿಯುವುದು ನಡುವಿನ 0.1ರಿಂದ 0.4ರ ಲೋಸೆಕ್. ಇಲ್ಲಿ ಕಾನ್‌ಕಾರ್ಡ್ ಬರುವುದಿಲ್ಲ. ಆದರೆ ವ್ಯೂಹದಿಂದ ವ್ಯೂಹಕ್ಕೆ ದಾಟಿಸುವ ಗೇಟುಗಳ, ನಿಲ್ದಾಣಗಳ ಪಕ್ಕದ ಫಿರಂಗಿಗಳು ಮೊದಲು ಹೊಡೆದವನನ್ನು ಬಿಡುವುದಿಲ್ಲ, ಸಣ್ಣ ಫ್ರಿಗೇಟ್ ಆ ಹೊಡೆತ ತಾಳುವುದೂ ಇಲ್ಲ. ಹಾಗಾಗಿ ಗೇಟಿನ ಬಾಯಲ್ಲಿ ನಿಂತು ಸುಲಿಯುವ ಕನಸು ಬಿಡಿ. ಅದು ಹತ್ತು ಜನರ ಕೆಲಸ. ನೀವು ಹುಡುಕಬೇಕಾದದ್ದು ಕ್ಷುದ್ರಗ್ರಹಗಳ ಬೆಲ್ಟುಗಳಲ್ಲಿ ಅದಿರು ಅಗೆಯುವವರನ್ನು.

ಹುಡುಕಲು ಇರುವ ಕಣ್ಣು ಡೈರೆಕ್ಷನಲ್ ಸ್ಕ್ಯಾನರ್. ಅದರ ಎಟುಕು 14.3 ಖಗೋಳಮಾನ (ಭೂಮಿಯಿಂದ ಸೂರ್ಯನಿಗಿರುವ ದೂರ ಒಂದು ಖಗೋಳಮಾನ). ಮೊದಲು ಸುತ್ತಲೂ 360 ಡಿಗ್ರಿ ನೋಡುತ್ತೀರಿ. ವೆಂಚರ್ ಎಂಬ ಗಣಿ ಹಡಗಿನ ಹೆಸರು ಪಟ್ಟಿಯಲ್ಲಿ ಕಾಣುತ್ತದೆ. ಆಮೇಲೆ ಕೋನವನ್ನು ಕಿರಿದುಮಾಡುತ್ತಾ ಒಂದೊಂದೇ ಬೆಲ್ಟಿನ ಕಡೆಗೆ ತಿರುಗಿಸುತ್ತೀರಿ. ಐದು ಡಿಗ್ರಿಯಲ್ಲೂ ಹೆಸರು ಉಳಿಯಿತೆಂದರೆ ಅವನು ಅಲ್ಲೇ ಇದ್ದಾನೆ.

ನನ್ನ ಮೊದಲ ವೆಂಚರ್ ಹೀಗೆಯೇ ಸಿಕ್ಕಿತು. ಬೆಲ್ಟಿಗೆ ಇಳಿದಾಗ ಅವನು ಹದಿನೈದು ಕಿಲೋಮೀಟರ್ ದೂರದ ಬಂಡೆಯೊಂದಕ್ಕೆ ಅಂಟಿಕೊಂಡು ಅಗೆಯುತ್ತಿದ್ದ. ಎದೆ ಹೊಡೆದುಕೊಳ್ಳುತ್ತಿತ್ತು. ನುಗ್ಗಿದೆ, ಗುರಿ ಹಿಡಿದೆ, ಓಡಿಹೋಗದಂತೆ ಕಟ್ಟಿಹಾಕುವ ಸ್ಕ್ರಾಂಬ್ಲರ್ ಹಾಕಿದೆ, ಬಂದೂಕು ಒತ್ತಿದೆ. ಅವನು ನಿಧಾನವಾಗಿ ಮೂತಿ ತಿರುಗಿಸಿ ಹೊರಟೇಹೋದ! ವ್ಯೂಹದಲ್ಲಿರುವ ಎಲ್ಲರ ಹೆಸರು ಕಾಣುವ ಲೋಕಲ್ ಚಾಟ್‌ನಲ್ಲಿ ಒಂದು ನಗುಮುಖ ಹಾಕಲು ಮರೆಯಲಿಲ್ಲ. ಆಮೇಲೆ ಓದಿ ತಿಳಿದದ್ದು: ವೆಂಚರ್‌ಗೆ ಹುಟ್ಟಿನಿಂದಲೇ ಎರಡು ಅಂಕದ ರಕ್ಷಣೆ, ನನ್ನ ಸ್ಕ್ರಾಂಬ್ಲರಿನ ಬಿಗಿಯೂ ಎರಡೇ. ಅದನ್ನು ಕಟ್ಟಿಹಾಕಲು ಮೂರು ಬೇಕು. ವೇಗ ತಗ್ಗಿಸುವ ವೆಬ್ ಕಿತ್ತು ಆ ಜಾಗದಲ್ಲಿ ಸ್ಕ್ರಾಂಬ್ಲರಿನಂಥದೇ, ಆದರೆ ಒಂದು ಅಂಕದ ಡಿಸ್‌ರಪ್ಟರ್ ಕೂರಿಸಿದೆ. ಎರಡನೆಯ ವೆಂಚರ್ ಉಳಿಯಲಿಲ್ಲ. ಮೂರನೆಯದು ಬೇಕೆಂದೇ ಕೂತಿತ್ತು: ನಾನು ಕಣ್ಣಿ ಹಾಕಿದ ಕೂಡಲೇ ಲೋಕಲ್‌ನಲ್ಲಿ ಇಬ್ಬರಿದ್ದವರು ಆರಾದರು. ಮುಂದಿನದನ್ನು ಬರೆಯುವ ಅಗತ್ಯವಿಲ್ಲ.

ಈಗ ದುಡ್ಡಿನ ವಿಷಯ. ಒಡೆದ ಹಡಗಿನಲ್ಲಿದ್ದ ಪ್ರತಿ ವಸ್ತುವೂ ಉಳಿಯುವ ಸಾಧ್ಯತೆ ಅರ್ಧಕ್ಕರ್ಧ. ಒತ್ತೆಹಣ ಕೇಳುವುದು ಕೇಳಲು ಚೆಂದ, ಆದರೆ ಫ್ರಿಗೇಟ್ ಕಾಳಗ ಒಂದು ನಿಮಿಷವೂ ನಡೆಯುವುದಿಲ್ಲ; ನೀವು ಮೊತ್ತ ಟೈಪ್ ಮಾಡಿ ಮುಗಿಸುವಷ್ಟರಲ್ಲಿ ಒಬ್ಬರು ಸತ್ತಿರುತ್ತೀರಿ. ಸಿಕ್ಕಿದ್ದನ್ನು ಮಾರುವುದು ಇನ್ನೊಂದು ಪಾಡು. ಲೋಸೆಕ್‌ನಲ್ಲಿ ಹೊಡೆದಂತೆಲ್ಲ ನಿಮ್ಮ ಸ್ವಂತ ಭದ್ರತಾ ಅಂಕ ಇಳಿಯುತ್ತದೆ; ಮೈನಸ್ 5ಕ್ಕೆ ಬಂದರೆ ಯಾರು ಬೇಕಾದರೂ ಎಲ್ಲಿ ಬೇಕಾದರೂ ನಿಮ್ಮನ್ನು ಹೊಡೆಯಬಹುದು. ಆಟದ ದೊಡ್ಡ ಸಂತೆಯಾದ ಜಿತಾ ಇರುವುದು 0.9ರಲ್ಲಿ. ಅಲ್ಲಿಗೆ ನೀವು ನೆಮ್ಮದಿಯಾಗಿ ಹೋಗುವ ಹಾಗಿಲ್ಲ. ಹಾಗಾಗಿ ಹೊರಗಿನ ಪ್ರಪಂಚಕ್ಕೆ ಮರ್ಯಾದಸ್ಥನಂತೆ ಕಾಣುವ ಎರಡನೆಯ ಪಾತ್ರವೊಂದನ್ನು ಸಾಕಬೇಕು, ಕದ್ದ ಮಾಲು ಹೊತ್ತು ಮಾರಲು. ನಿಜ ಹೇಳಬೇಕೆಂದರೆ ನನ್ನ ದರೋಡೆಕೋರನ ಅನ್ನ ಬಹುಪಾಲು ನಡೆದದ್ದು ಆ ವ್ಯಾಪಾರಿಯ ಲಾಭದಿಂದಲೇ.

ನಮ್ಮ ಊರಿನಿಂದ ಆಡುವವರಿಗೆ ಒಂದು ಸಮಾಧಾನ: ಸರ್ವರ್ ಲಂಡನ್ನಿನಲ್ಲಿದ್ದರೂ ಆಟ ಲೆಕ್ಕಹಾಕುವುದು ಸೆಕೆಂಡಿಗೊಮ್ಮೆ, ಹಾಗಾಗಿ ಇಂಟರ್‌ನೆಟ್ ತುಸು ತಡವಾದರೂ ನಷ್ಟವಿಲ್ಲ. ಸಂಕಟವೇನೆಂದರೆ ಯುರೋಪಿನವರು ಮೈದುಂಬಿ ಆಡುವ ಹೊತ್ತು ನಮಗೆ ನಡುರಾತ್ರಿ. ಮರುದಿನ ಕಚೇರಿಯಲ್ಲಿ ಕಣ್ಣು ಕೆಂಪಗಿರುತ್ತದೆ.

ಹಡಗು? ರಿಫ್ಟರ್ ಎಂಬ ಫ್ರಿಗೇಟ್ ಸಾಕು. ಅಗ್ಗದ್ದು, ಹೊಸಬರಿಗೂ ಒಗ್ಗುತ್ತದೆ. ಒಂದಲ್ಲ, ಹತ್ತನ್ನು ಒಟ್ಟಿಗೆ ಕೊಂಡು ಒಂದೇ ನಿಲ್ದಾಣದಲ್ಲಿ ಇಟ್ಟುಕೊಳ್ಳಿ. ಒಂದರಿಂದ ಹತ್ತರವರೆಗೆ ಸಂಖ್ಯೆಯನ್ನೇ ಹೆಸರಾಗಿ ಇಡಿ. ನಾನು ಹಾಗೆಯೇ ಮಾಡಿದ್ದೆ. ಮೊದಲ ವಾರಾಂತ್ಯ ಮುಗಿಯುವಾಗ ಏಳನೆಯದರಲ್ಲಿದ್ದೆ.