ಅಕ್ಟೋಬರ್‌ನಲ್ಲಿ ಅಮ್ಮನ ಜೊತೆ ವಿಯೆಟ್ನಾಂ: ಬೀದಿ ತಿಂಡಿ ಬಗ್ಗೆ ನನ್ನ ಉತ್ತರ

ನೀವು ಕೇಳಿರುವುದು ಇಷ್ಟು: ಅಕ್ಟೋಬರ್‌ನಲ್ಲಿ ಹನೋಯ್, ಹುಯೆ, ಹೊಯಿ ಆನ್, ಸೈಗಾನ್ ಹತ್ತು ದಿನದ ಪ್ರವಾಸ. ಜೊತೆಗೆ ಅಮ್ಮ, ಮೊಟ್ಟೆಯನ್ನೂ ಮುಟ್ಟುವುದಿಲ್ಲ. ಅಲ್ಲಿನವರು ತಲೆಮಾರಿನಿಂದ ತಿನ್ನುತ್ತಾ ಬಂದ ಬೀದಿ ತಿಂಡಿ ಅವರಿಗೆ ಏನಾದರೂ ಸಿಗುತ್ತದಾ, ಇಲ್ಲ ದಿನಾ ಇಂಡಿಯನ್ ಹೋಟೆಲ್ ಹುಡುಕಬೇಕಾ? ಮೇಲಿನ ಉತ್ತರಗಳಲ್ಲಿ ಇಬ್ಬರು "ಅಲ್ಲಿ ವೆಜ್ ಏನೂ ಇಲ್ಲ, ಚಪಾತಿ ಕಟ್ಟಿಕೊಂಡು ಹೋಗಿ" ಅಂದಿದ್ದಾರೆ. ನಾನು ಒಪ್ಪುವುದಿಲ್ಲ. ನಾವು ಹೋದಾಗ ಶಿರಸಿ ಕಡೆಯ ನಮ್ಮ ಅತ್ತೆ ಜೊತೆಗಿದ್ದರು, ನಿಮ್ಮ ಅಮ್ಮನಷ್ಟೇ ಕಟ್ಟುನಿಟ್ಟು. ವಾಪಸ್ ಬಂದ ಮೇಲೂ ಅಲ್ಲಿಯ ತಿಂಡಿಯ ಸುದ್ದಿ ಬಿಟ್ಟಿಲ್ಲ.

ಮೊದಲು ಒಂದು ಪದ ಕಲಿಯಿರಿ: ಚಾಯ್. ನಾವು ಕುಡಿಯುವುದಲ್ಲ. ಅವರ ಭಾಷೆಯಲ್ಲಿ ಚಾಯ್ ಅಂದರೆ ಬೌದ್ಧರ ಕ್ರಮದ ಸಸ್ಯಾಹಾರ. ಟೀಗೆ ಹನೋಯ್‌ನಲ್ಲಿ ಚಾ ಅನ್ನುತ್ತಾರೆ. ಪಾಯಸದಂಥ ಸಿಹಿಗೆ ಚೆ. ಮೊದಲ ದಿನ ಅತ್ತೆ ಟೀ ಬೇಕೆಂದು "ಚಾಯ್, ಚಾಯ್" ಅಂದಿದ್ದಕ್ಕೆ ಒಂದು ತಟ್ಟೆ ತೋಫು (ಸೋಯಾ ಹಾಲಿನ ಪನೀರು) ಬಂತು. ಬರವಣಿಗೆ ಇಂಗ್ಲಿಷ್ ಅಕ್ಷರದಂತೆಯೇ ಇರುವುದರಿಂದ ಬೋರ್ಡಿನಲ್ಲಿ ಸಿ, ಎಚ್, ಎ, ವೈ ಅಂತ ಕಂಡರೆ ಧೈರ್ಯವಾಗಿ ಒಳಗೆ ಹೋಗಬಹುದು. ಸಂಪ್ರದಾಯದ ಕಡೆಗಳಲ್ಲಿ ಈರುಳ್ಳಿ ಬೆಳ್ಳುಳ್ಳಿಯನ್ನೂ ಹಾಕುವುದಿಲ್ಲ. ಇನ್ನೊಂದು ಸಂಗತಿ, ಅವರ ಚಾಂದ್ರಮಾಸದ 1 ಮತ್ತು 15ನೇ ದಿನ, ಅಂದರೆ ನಮ್ಮ ಅಮಾವಾಸ್ಯೆ ಹುಣ್ಣಿಮೆಯ ಆಸುಪಾಸಿಗೆ, ಬೇರೆ ದಿನ ಮಾಂಸ ತಿನ್ನುವವರಲ್ಲೂ ಅನೇಕರು ಚಾಯ್ ತಿನ್ನುತ್ತಾರೆ. ಮನೆಯ ಗೋಡೆ ಕ್ಯಾಲೆಂಡರ್ ನೋಡಿ ಒಂದು ಹುಣ್ಣಿಮೆ ಪ್ರವಾಸದೊಳಗೆ ಬೀಳುವಂತೆ ಟಿಕೆಟ್ ಮಾಡಿಸಿ, ಅದರಲ್ಲೂ ಬೌದ್ಧ ಮಂದಿರಗಳ ಊರಾದ ಹುಯೆಯಲ್ಲಿ ಬಿದ್ದರೆ ಅದೃಷ್ಟ.

ಕಣ್ಣಿಗೆ ಮಾಂಸ ಕಾಣಲಿಲ್ಲ ಅಂತ ನಂಬಬೇಡಿ. ನುಯೊಕ್ ಮಾಮ್ ಅನ್ನುವ ಮೀನಿನ ಸಾಸ್, ಮೇಲೆ ಉದುರಿಸುವ ಒಣ ಸಿಗಡಿ ಪುಡಿ, ಹಂದಿ ಕೊಬ್ಬು, ಈ ಮೂರು ಎಲ್ಲಿ ಬೇಕಾದರೂ ಇಣುಕುತ್ತವೆ.

ಹನೋಯ್‌ನಲ್ಲಿ ಬೆಳಿಗ್ಗೆ ಬೇಗ ಎದ್ದು ಬೀದಿಗೆ ಇಳಿಯಿರಿ. ಬುಟ್ಟಿಗೆ ದಪ್ಪ ಬಟ್ಟೆ ಹೊದಿಸಿಕೊಂಡು ಕೂತ ಹೆಂಗಸರು ಸೋಯ್ ಮಾರುತ್ತಾರೆ, ಹಬೆಯಲ್ಲಿ ಬೆಂದ ಅಂಟಕ್ಕಿ ಅನ್ನ. ಸೋಯ್ ಸೆಯೊ ಕೇಳಿ. ಅರಿಸಿನ ಹಾಕಿದ ಅನ್ನ. ಬೇಯಿಸಿದ ಹೆಸರುಬೇಳೆಯನ್ನು ಗಟ್ಟಿಯಾಗಿ ಮುದ್ದೆ ಕಟ್ಟಿಟ್ಟುಕೊಂಡಿರುತ್ತಾರೆ. ಅದನ್ನು ಅಂಗೈಯಲ್ಲಿ ಹಿಡಿದು ಚಾಕುವಿನಿಂದ ತೆಳ್ಳಗೆ ಕೆರೆದು ಅನ್ನದ ಮೇಲೆ ಬೀಳಿಸಿ, ಹುರಿದ ಸಣ್ಣ ಈರುಳ್ಳಿ ಉದುರಿಸಿ ಬಾಳೆಲೆಯಲ್ಲಿ ಕಟ್ಟಿ ಕೊಡುತ್ತಾರೆ. ಕೊನೆಗೆ ಒಂದು ಚಮಚ ಕೊಬ್ಬು ಸುರಿಯುವ ರೂಢಿ ಇದೆ, ಆ ಚಮಚ ಎತ್ತುವ ಮೊದಲೇ ಕೈ ಅಡ್ಡ ಹಿಡಿಯಿರಿ. ಕೆಂಪು ಸೋಯ್ ಕಂಡರೆ ಅದು ಗಾಕ್ ಹಣ್ಣಿನದು, ನಮ್ಮ ಮಡಹಾಗಲದ ಬಳಗದ ಹಣ್ಣು.

ಅಕ್ಟೋಬರ್ ಅಂದಿದ್ದೀರಲ್ಲ, ಅದಕ್ಕೇ ಹೇಳುತ್ತೇನೆ: ಕೋಮ್ ತಪ್ಪಿಸಬೇಡಿ. ಶರತ್ಕಾಲವೇ ಅದರ ಮುಖ್ಯ ಹಂಗಾಮು. ಅಂಟಕ್ಕಿಯ ಭತ್ತ ಇನ್ನೂ ಹಾಲು ತುಂಬಿದ ಹಸಿ ಕಾಳಾಗಿರುವಾಗಲೇ ಕೊಯ್ದು, ಹುರಿದು, ಕುಟ್ಟಿ, ಕೇರಿ ತೆಗೆದ ಹಸಿರು ಅವಲಕ್ಕಿ. ಈಗ ಹನೋಯ್ ಊರೊಳಗೇ ಸೇರಿಹೋಗಿರುವ ವೊಂಗ್ ಹಳ್ಳಿಯದು ಹೆಸರುವಾಸಿ. ತಾವರೆ ಎಲೆಯಲ್ಲಿ ಸುತ್ತಿ ಹುಲ್ಲಿನ ಎಳೆಯಿಂದ ಕಟ್ಟಿಕೊಡುತ್ತಾರೆ. ಬಿಚ್ಚಿದಾಗ ಬರುವ ವಾಸನೆ ಗದ್ದೆಯದ್ದೋ ಎಲೆಯದ್ದೋ ಗೊತ್ತಾಗುವುದಿಲ್ಲ. ಚಮಚ ಹಾಕಿ ಬಾಚಿ ತಿನ್ನುವ ವಸ್ತು ಅಲ್ಲ, ಚಿಟಿಕೆ ಚಿಟಿಕೆ ಬಾಯಿಗೆ ಹಾಕಿಕೊಂಡು ಅಗಿಯಬೇಕು, ನಡುವೆ ಒಂದು ಕಚ್ಚು ಬಾಳೆಹಣ್ಣು. ಅವತ್ತೇ ತಿಂದು ಮುಗಿಸಿ, ಮರುದಿನಕ್ಕೆ ಗಟ್ಟಿಯಾಗುತ್ತದೆ. ಊರಿಗೆ ತರುವ ಆಸೆ ಇದ್ದರೆ ಹಾಂಗ್ ಥಾನ್ ಬೀದಿಯಲ್ಲಿ ಕೋಮ್ ಒಳಗೆ ಹೆಸರುಬೇಳೆ ಹೂರಣ ತುಂಬಿದ ಸಿಹಿ ಸಿಗುತ್ತದೆ, ಅಲ್ಲಿ ಮದುವೆ ಮಾತುಕತೆಗೆ ಒಯ್ಯುವಂಥದ್ದು.

ಬಾನ್ ಕುವೊನ್ ಮಾಡುವುದನ್ನು ಅಮ್ಮನಿಗೆ ಕೂರಿಸಿ ತೋರಿಸಿ. ಕುದಿಯುವ ನೀರಿನ ಪಾತ್ರೆಯ ಬಾಯಿಗೆ ಬಟ್ಟೆ ಬಿಗಿದು ಅದರ ಮೇಲೆ ಅಕ್ಕಿ ಹಿಟ್ಟು ಹರಡಿ ಮುಚ್ಚುತ್ತಾರೆ. ಅರೆ ನಿಮಿಷದಲ್ಲಿ ತೆಳು ಹಾಳೆ, ಅದನ್ನು ಬಿದಿರಿನ ಕಡ್ಡಿಯಿಂದ ಹರಿಯದಂತೆ ಎತ್ತುತ್ತಾರೆ. ಅತ್ತೆ ಅರ್ಧ ಗಂಟೆ ಅಲ್ಲಾಡಲಿಲ್ಲ. "ನಮ್ಮ ತೊಡೆದೇವೇ ಇದು, ಮಡಕೆ ಮಗುಚಿ ಹಾಕೋದು ಮರೆತಿದಾರೆ ಅಷ್ಟೆ" ಅಂದರು. (ತೊಡೆದೇವು ಅಂದರೆ ಮಗುಚಿಟ್ಟ ಬಿಸಿ ಮಡಕೆಯ ಮೇಲೆ ಹಿಟ್ಟು ತೊಡೆದು ತೆಗೆಯುವ ನಮ್ಮ ಕಡೆಯ ತೆಳು ಸಿಹಿ.) ಮಾಮೂಲಾಗಿ ಒಳಗೆ ಹಂದಿ ಕೈಮಾ ಇರುತ್ತದೆ. ಏನೂ ತುಂಬದ ಬರೀ ಹಾಳೆ ಕೇಳಿ ಪಡೆದೆವು. ಇಲ್ಲೊಂದು ತಿರುಪು: ಈ ತಿಂಡಿಗೆ ಚಾಯ್ ಅಂದರೆ ಹಲವು ಕಡೆ 'ಹೂರಣ ಇಲ್ಲದ್ದು' ಅಂತ ಅಷ್ಟೇ ಅರ್ಥ, ನಂಜಿಕೊಳ್ಳಲು ಕೊಡುವ ಬಟ್ಟಲಲ್ಲಿ ಮೀನಿನ ಸಾಸ್ ಇದ್ದೇ ಇರುತ್ತದೆ. ಬಟ್ಟಲನ್ನು ಪಕ್ಕಕ್ಕೆ ಸರಿಸಿ ಅತ್ತೆ ಚೀಲದಿಂದ ಚಟ್ನಿಪುಡಿ ತೆಗೆದರು. ಅಂಗಡಿಯಾಕೆಯೂ ಬೆರಳಲ್ಲಿ ಒತ್ತಿ ನೆಕ್ಕಿ ನೋಡಿದಳು, ಆಮೇಲೆ ಒಂದು ಲೋಟ ನೀರು ಕುಡಿದಳು.

ಸಿಹಿಯಲ್ಲಿ ಅಪಾಯ ಕಡಿಮೆ. ತಾವ್ ಫೊ, ಬಾಯಲ್ಲಿ ಕರಗುವ ಬಿಸಿ ತೋಫುವಿಗೆ ಶುಂಠಿ ಪಾಕ. ಬೊ ಬಿಯ ಙೊತ್, ತೆಳು ಹಾಳೆಯಲ್ಲಿ ಸಕ್ಕರೆ ಕಡ್ಡಿ, ತೆಂಗಿನ ತುರಿ, ಎಳ್ಳು ಸುತ್ತಿದ್ದು, ಸೈಕಲ್ ಮೇಲಿನ ಗಾಜಿನ ಪೆಟ್ಟಿಗೆಯಲ್ಲಿ ಬರುತ್ತದೆ. (ಙೊತ್ ಅಂದರೆ ಸಿಹಿ. ಒಂದನೇ ಕ್ಲಾಸಿನಲ್ಲಿ ಕಲಿತ ಙ ಕೊನೆಗೂ ಉಪಯೋಗಕ್ಕೆ ಬಂತು.) ದಕ್ಷಿಣದಲ್ಲಿ ಬಾನ್ ಯಾ ಲೊನ್ ಅಂತ ಪದರ ಪದರದ ಹಸಿರು ತಿಂಡಿ ಇದೆ. ಹೆಸರಿನ ಅರ್ಥ ಹಂದಿಯ ಚರ್ಮ, ಒಳಗಿರುವುದು ಹಿಟ್ಟು, ತೆಂಗಿನ ಹಾಲು, ಹೆಸರುಬೇಳೆ. ಅಮ್ಮನಿಗೆ ತಿಂದ ಮೇಲೆ ಹೆಸರು ಹೇಳಿ. ಉಲ್ಟಾ ಕೇಸೂ ಇದೆ: ಹುಯೆಯ ಚೆ ಅಂಗಡಿಗಳಲ್ಲಿ ಸಿಹಿ ಪಾಕದಲ್ಲಿ ತೇಲುವ ಗಾಜಿನಂಥ ಉಂಡೆಯೊಳಗೆ ಹುರಿದ ಹಂದಿ ಮಾಂಸ ಇಡುವ ಒಂದು ಬಗೆ ಉಂಟು. ಹೆಸರುಕಾಳು, ಮೆಕ್ಕೆಜೋಳ, ಬಾಳೆಹಣ್ಣಿನದನ್ನೇ ಬೆರಳು ಮಾಡಿ ತೋರಿಸಿ ಕೇಳಿ. ಹಾಯ್ ಜುವೊಂಗ್ ಊರಿನ ಹೆಸರುಬೇಳೆ ಸಿಹಿಯನ್ನು ಎಲ್ಲರೂ ಉಡುಗೊರೆಗೆ ಕೊಳ್ಳುತ್ತಾರೆ. ಹಳೇ ಕ್ರಮದಲ್ಲಿ ಅದಕ್ಕೆ ಹಂದಿ ಕೊಬ್ಬು ಬೀಳುತ್ತದೆ, ಪೊಟ್ಟಣ ಓದಿಸದೆ ತರಬೇಡಿ.

ನಾನು ಮೋಸಹೋಗಿದ್ದು ಎಳ್ಳಿನ ಕರಿದ ಉಂಡೆಯಲ್ಲಿ, ಬಾನ್ ಜಾನ್. ಒಂದೇ ಗಾಡಿಯಲ್ಲಿ ಹೆಸರುಬೇಳೆಯದೂ ಕೈಮಾದ್ದೂ ಇದ್ದವು, ನಾನು ವಿಚಾರಿಸದೆ ಎತ್ತಿಕೊಂಡೆ. ಪುಣ್ಯಕ್ಕೆ ಮೊದಲು ಕಚ್ಚಿದ್ದು ನಾನು. ಎಣ್ಣೆಯೂ ಎರಡಕ್ಕೂ ಒಂದೇ, ಹಾಗಾಗಿ ಅಮ್ಮನಿಗೆ ಬೇಡ.

ಸೈಗಾನ್‌ನ ದೋಸೆಯಂಥ ಬಾನ್ ಸೆಯೊ (ಹಿಟ್ಟು ಬಿದ್ದಾಗ ಚುಂಯ್ ಅನ್ನುವ ಸದ್ದೇ ಅದರ ಹೆಸರು), ನಮ್ಮ ಪಡ್ಡಿನ ಹಂಚಿನಂಥದ್ದರಲ್ಲೇ ಹೊಯ್ಯುವ ಬಾನ್ ಖೊತ್ ಎರಡೂ ಬೀದಿಯಲ್ಲಿ ಸಿಗಡಿ ಇಲ್ಲದೆ ಸಿಗುವುದು ಕಷ್ಟ. ಚಾಯ್ ಹೋಟೆಲಿನಲ್ಲಿ ಅಣಬೆ ಹಾಕಿದ್ದು ತಿನ್ನಿ.

ಹುಯೆ, ಹೊಯಿ ಆನ್‌ಗಳಲ್ಲಿ ಅಕ್ಟೋಬರ್ ಅಂದರೆ ಜೋರು ಮಳೆ, ಹೊಯಿ ಆನ್ ಹಳೇ ಪೇಟೆಗೆ ಹೊಳೆ ನೀರೇ ನುಗ್ಗುವುದುಂಟು. ಅಲ್ಲಿಗೆ ಒಂದು ದಿನ ಕಡಿಮೆ ಮಾಡಿ ಹನೋಯ್‌ಗೆ ಸೇರಿಸಿ. ದುಡ್ಡಿನ ವಿಷಯ: 20,000 ಮತ್ತು 5,00,000 ಡಾಂಗ್ ನೋಟು ಎರಡೂ ನೀಲಿ. ರೂಪಾಯಿಗೆ ಸುಮಾರು 300 ಡಾಂಗ್ ಲೆಕ್ಕ ಹಾಕಿ, ಎಡವಟ್ಟಿನ ಬೆಲೆ ಗೊತ್ತಾಗುತ್ತದೆ. ಅತ್ತೆ ಬೊ ಬಿಯದವನಿಗೆ ದೊಡ್ಡದನ್ನು ಕೊಟ್ಟು ನಡೆದೇಬಿಟ್ಟಿದ್ದರು, ಅವನು ಸೈಕಲ್ ತಳ್ಳಿಕೊಂಡು ಹಿಂದೆ ಬಂದು ನೋಟು ಬದಲಿಸಿಕೊಂಡು ಹೋದ. ಎರಡನ್ನೂ ಬೇರೆ ಬೇರೆ ಜೇಬಿನಲ್ಲಿಡಿ.

ಹನೋಯ್‌ನ ಹೋಟೆಲ್ ಹುಡುಗಿಯೊಬ್ಬಳು "ಮಾಂಸ, ಮೀನು, ಮೊಟ್ಟೆ, ಮೀನಿನ ಸಾಸ್, ಹಂದಿ ಕೊಬ್ಬು ಬೇಡ" ಅಂತ ಅವರ ಭಾಷೆಯಲ್ಲಿ ಬರೆದುಕೊಟ್ಟ ಚೀಟಿ ಇನ್ನೂ ಪಾಸ್‌ಪೋರ್ಟ್ ಒಳಗಿದೆ. ಸಂಜೆ ಫೋಟೊ ತೆಗೆದು ಹಾಕುತ್ತೇನೆ.